ಮಾವ ಆರಿಸಿದ ಮರಿ

ಕಾವಲು ನಾಯಿಗಳನ್ನು ಪಂದ್ಯಕ್ಕೆ ಪಳಗಿಸುವ ಮೈದಾನದಲ್ಲಿ ನನ್ನ ಸೋದರಮಾವನದು ಒಂದೇ ಕೆಲಸ. ಎಡಗೈಗೆ ಸೆಣಬಿನ ದಪ್ಪ ತೋಳುಗವಸು ತೊಟ್ಟು ಕಳ್ಳನಂತೆ ನಿಲ್ಲುವುದು. ಓಡಿ ಬಂದ ನಾಯಿ ಅದನ್ನು ಕಚ್ಚಿ ಹಿಡಿಯಬೇಕು, "ಬಿಡು" ಎಂದೊಡನೆ ಬಿಡಬೇಕು. ಎರಡನೇ ಸಲ ಹೇಳಿಸಿಕೊಂಡ ನಾಯಿ ಮಾವನ ಪಾಲಿಗೆ ದಂಡಪಿಂಡ. ಪಾಠ ಮುಗಿದ ಮೇಲೆ ನಾಯಿಗಳೆಲ್ಲ ತಂತಮ್ಮ ಯಜಮಾನರ ಕಾಲು ಸುತ್ತುತ್ತಿದ್ದವು. ಮಾವ ಗವಸು ಕಳಚಿ ಮೊಳೆಗೆ ನೇತುಹಾಕಿ, ಒಬ್ಬನೇ ಕೂತು ಟೀ ಕುಡಿಯುತ್ತಿದ್ದ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲೂ ಹಾಗೆಯೇ.

ಈಚೆಗೆ ಅವನ ಭುಜವೂ ಕೈಕೊಟ್ಟಿತು. ಕೆಲಸ ಬಿಡುವ ಮುಂಚೆ ಮೈದಾನಕ್ಕೊಂದು ಮರಿ ಆರಿಸಲು ನನ್ನಲ್ಲಿಗೆ ಬಂದ. ಕೆಲಸದ ತಳಿಯ ನಾಯಿ ಸಾಕುವವಳು ನಾನು. ಕೈಲಾಗದ ಮರಿಯನ್ನು ಮುಲಾಜಿಗೆ ಬಿದ್ದು ಯಾರಿಗೂ ಕೊಟ್ಟವಳಲ್ಲ.

ಮಾವ ಗೋಣಿಚೂರೊಂದನ್ನು ನೆಲದ ಮೇಲೆ ಎಳೆದ. ಕಪ್ಪು ಮರಿ ಹಾರಿ ಕಚ್ಚಿತು. ಎತ್ತಿದರೆ ಜೋತುಬಿದ್ದಿತೇ ಹೊರತು ಬಾಯಿ ಸಡಿಲಿಸಲಿಲ್ಲ.

"ಇದೇ ಆಗ್ಲಿ," ಎಂದ.

ಕಂದು ಮರಿ ಗೋಣಿಯನ್ನು ಮೂಸಿಯೂ ನೋಡದೆ ಅವನ ಎಡಗೈ ನೆಕ್ಕತೊಡಗಿತು.

"ಇದು ಯಾವ ಕೆಲ್ಸಕ್ಕೂ ಬರಲ್ಲ," ಎಂದು ಬೈಯುತ್ತಲೇ ಎತ್ತಿ ಎದೆಗೊತ್ತಿಕೊಂಡ.

"ಬರಲ್ಲ ಅಂದ್ಮೇಲೆ ಕೆಳಗೆ ಬಿಡು," ಎಂದೆ.

ಕಪ್ಪು ಮರಿಗೆ ಕೊರಳಪಟ್ಟಿ ಕಟ್ಟಿ ತಂದಾಗಲೂ ಅವನು ಹಾಗೆಯೇ ನಿಂತಿದ್ದ.

"ಬಿಡು ಮಾವ."

ಮೂರನೇ ಸಲ ಹೇಳಲು ನನಗೆ ಬಾಯಿ ಬರಲಿಲ್ಲ.