ಕಿಟಕಿ ಬದಿಯ ಮಂಚ

ಆಗ ನನಗೆ ಅರವತ್ತೆಂಟು. ಇದು ನಡೆದು ಎಂಟು ವರ್ಷ ಕಳೆಯಿತು.

ದುಬೈಯ ಕರಾಮದಲ್ಲಿ ಮಗನ ಮನೆ. ಒಂದು ಕೋಣೆ, ಒಂದು ಹಾಲ್. ಕೋಣೆ ಮಗ ಸೊಸೆಗೆ. ಹಾಲಿನ ಮೂಲೆಗೆ ಕಪಾಟನ್ನು ಅಡ್ಡ ಇಟ್ಟು ಅದರ ಹಿಂದೆ ಕಿಟಕಿ ಬದಿಗೆ ಮೊಮ್ಮಗಳಿಗೆ ಮಂಚ ಹಾಕಿದ್ದರು. ಮಂಚದ ಪಕ್ಕ ನೆಲದಲ್ಲಿ ನನ್ನ ಹಾಸಿಗೆ. ಎಸಿ ಇಲ್ಲದಿದ್ದರೆ ಅವಳಿಗೆ ನಿದ್ರೆ ಬರುವುದಿಲ್ಲ. ಎಸಿ ಇದ್ದರೆ ನನ್ನ ಮೊಣಕಾಲು ನೋವು ಬಿಡುವುದಿಲ್ಲ. ಬೆಳಿಗ್ಗೆ ನೆಲದಿಂದ ಏಳಬೇಕಾದರೆ ಮಂಚದ ಕಾಲು ಹಿಡಿದೇ ಏಳಬೇಕಿತ್ತು. ಅವಳು ಓದುವ ಹುಡುಗಿ, ಪಾಪ, ಅವಳಿಗೆ ಎಂತ ಹೇಳುವುದು.

ಅವಳು ಅಲ್ಲಿಯೇ ಕಾಲೇಜಿಗೆ ಹೋಗುತ್ತಿದ್ದಳು. ಆ ಕಾಲೇಜಿನವರು ಕೆಲವು ಮಕ್ಕಳನ್ನು ಆರಿಸಿ ಒಂದು ಸೆಮಿಸ್ಟರ್ ಓದಲು ಅಮೆರಿಕಾದ ಯೂನಿವರ್ಸಿಟಿಗೆ ಕಳಿಸುತ್ತಾರೆ. ಎಕ್ಸ್‌ಚೇಂಜ್ ಎಂದಳು. ಎಕ್ಸ್‌ಚೇಂಜ್ ಅಂದರೆ ನನಗೆ ಊರಿಗೆ ದುಡ್ಡು ಕಳಿಸುವ ಅಂಗಡಿ ಮಾತ್ರ ಗೊತ್ತು.

"ನೀನು ಅಲ್ಲಿಗೆ ಹೋದ್ರೆ ಅಲ್ಲಿಂದ ಇಲ್ಲಿಗೆ ಯಾರು ಬರ್ತಾರೆ?" ಎಂದು ಕೇಳಿದೆ.

"ಒಂದು ಬಿಳಿ ಹುಡುಗಿ ಬರ್ತಾಳೆ ಅಜ್ಜಿ. ಅವಳಿಗೆ ನೀವೇ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಹಾಕಿ."

ಅಬುಧಾಬಿಯಿಂದ ವಿಮಾನ. ಕಳಿಸಿ ಬರುವಾಗ ಸೊಸೆ ಕಾರಿನಲ್ಲಿ ದಾರಿಯುದ್ದ ಅತ್ತಳು. ನಾನು ಅಳಲಿಲ್ಲ. ಅವಳು ನನ್ನನ್ನು ಗಟ್ಟಿ ಹೆಂಗಸು ಎಂದುಕೊಂಡಿರಬೇಕು. ಮನೆಗೆ ಬಂದು ನಾನು ಮಂಚದ ಮೇಲೆ ಮಲಗಿದೆ, ಎಸಿ ಆಫ್ ಮಾಡಿದೆ. ಬೆಳಿಗ್ಗೆ ಯಾವುದನ್ನೂ ಹಿಡಿಯದೆ ಎದ್ದು ನಿಂತೆ. ಅಂಥ ನಿದ್ರೆ ಆ ಊರಿಗೆ ಬಂದ ಮೇಲೆ ಬಂದದ್ದಿಲ್ಲ. ಹಗಲು ಧಾರಾವಾಹಿಯನ್ನು ದೊಡ್ಡ ಸ್ವರದಲ್ಲಿ ಇಟ್ಟು ನೋಡಿದೆ. ಪಕ್ಕದ ಫ್ಲ್ಯಾಟಿನ ಬ್ಯಾರಿ ಹೆಂಗಸು ಬಂದು, "ಮೊಮ್ಮಗಳಿಲ್ಲದೆ ಬೇಜಾರಲ್ವಾ ನಿಮ್ಗೆ?" ಎಂದಾಗ, "ಬೇಜಾರು, ಬೇಜಾರು" ಎಂದೆ.

ದುಬೈಯಲ್ಲಿ ವಾಟ್ಸಾಪಿನ ಕರೆ ಹೋಗುವುದಿಲ್ಲ, ಸ್ವರ ಮಾತ್ರ ಕಳಿಸಬಹುದು. ನನಗೆ ಅಕ್ಷರ ಅಷ್ಟಕ್ಕಷ್ಟೆ. ಒತ್ತಿ ಹಿಡಿದು ಮಾತಾಡುವುದು, ಬಿಟ್ಟರೆ ಹೋಗುವುದು, ಇಷ್ಟನ್ನು ಅವಳೇ ಕಲಿಸಿ ಹೋಗಿದ್ದಳು. ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬಳೇ ಇದ್ದಾಗ, ಅವಳ ಸ್ವರ ಬಂತು. ಅಳುತ್ತಿದ್ದಳು.

"ಅಜ್ಜಿ, ನಂಗೆ ಇಲ್ಲಿ ಆಗುದಿಲ್ಲ. ರಜೆ ಅಂತ ಹಾಸ್ಟೆಲಿನವರೆಲ್ಲ ಮನೆಗೆ ಹೋಗಿದ್ದಾರೆ, ಮೆಸ್ಸೂ ಬಂದ್. ಬ್ರೆಡ್ ತಿಂತಾ ಇದ್ದೇನೆ. ದುಬೈ ಅಂದ್ರೆ ಮನೇಲಿ ಒಂಟೆ ಉಂಟಾ ಕೇಳ್ತಾರೆ, ಅದು ಬಿಟ್ರೆ ನನ್ನ ಹತ್ರ ಯಾರೂ ಮಾತಾಡುದಿಲ್ಲ. ನಾನು ವಾಪಸ್ ಬರ್ತೇನೆ. ಅಪ್ಪನಿಗೆ ನೀವೇ ಹೇಳಿ ಅಜ್ಜಿ, ಪ್ಲೀಸ್."

ನಮ್ಮಲ್ಲಿ ಹಾಗೆಯೇ. ಮಕ್ಕಳ ಮಾತು ಅಪ್ಪನಿಗೆ ನೇರ ಹೋಗುವುದಿಲ್ಲ, ಅಜ್ಜಿಯ ಬಾಯಿಯಿಂದ ಹೋಗಬೇಕು. ಪ್ರವಾಸ, ಫೋನು, ಈ ಅಮೆರಿಕಾ ಕೂಡ, ಎಲ್ಲ ನಾನೇ ಮಗನ ಕಿವಿಗೆ ಹಾಕಿದ್ದು. ನಾನು ಹೇಳಿದರೆ ಅವನು ಇಲ್ಲ ಎನ್ನುವುದಿಲ್ಲ. ಹೇಳದಿದ್ದರೆ ಅವನಿಗೆ ತಿಳಿಯುವುದೂ ಇಲ್ಲ.

ನಾನು ಆ ಮಂಚದ ಮೇಲೆಯೇ ಕೂತು ಕೇಳಿದ್ದೆ. ಒತ್ತಿ ಹಿಡಿದು ಹೇಳಿದೆ: "ಅಳ್ಬೇಡ. ಕಲೀಲಿಕ್ಕೆ ಅಂತ ಹೋದದ್ದಲ್ವಾ, ಮುಗಿಸಿಯೇ ಬಾ. ಅಪ್ಪನಿಗೆ ನಾನು ಹೇಳುದಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಆಯ್ತು ಅಜ್ಜಿ." ಅಳು ಇರಲಿಲ್ಲ. ಏನೂ ಇರಲಿಲ್ಲ ಆ ಸ್ವರದಲ್ಲಿ.

ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ಯಾವ ಹಿರಿಯರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ಅವಳು ಬರ್ತೇನೆ ಎಂದ ಕೂಡಲೇ ನನ್ನ ತಲೆಗೆ ಮೊದಲು ಬಂದದ್ದು ಮಂಚ. ಪುನಃ ನೆಲ, ಪುನಃ ಎಸಿ ಎಂದು. ಬುದ್ಧಿಮಾತು ಆಮೇಲೆ ಹುಟ್ಟಿತು. ಅದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತುಂಟು. ನಾನು ಬೆಚ್ಚಗೆ ಕೂತುಕೊಂಡು, ಬ್ರೆಡ್ ತಿನ್ನುವ ಹುಡುಗಿಗೆ ಧೈರ್ಯ ಹೇಳಿದ್ದೆ.

ಸಂಜೆ ಮಗ ಬಂದವನೇ ಕೇಳಿದ. "ಮಗು ಏನಾದ್ರೂ ಕಳಿಸಿದ್ಳಾ ಅಮ್ಮ?"

"ಕಳಿಸಿದ್ಳು. ಚಂದ ಉಂಟಂತೆ."

ಊಟಕ್ಕೆ ಕೂತಾಗ ಸೊಸೆ ನಗಾಡಿದಳು. "ಮಾಮಿ ಇನ್ನು ಮಂಚ ಬಿಡ್ಲಿಕ್ಕಿಲ್ಲ. ಅವಳು ಬಂದ್ರೆ ಅವಳಿಗೆ ನೆಲವೇ ಗತಿ."

ಬೇರೆ ದಿನವಾದರೆ, ನಿನ್ನ ಕೋಣೆಯಲ್ಲಿ ದೊಡ್ಡದೊಂದು ಉಂಟಲ್ಲ, ಅದನ್ನು ಕೊಡು ಎನ್ನುತ್ತಿದ್ದೆ. ಅಂದು ಸುಮ್ಮನೆ ಅನ್ನ ಕಲಸಿದೆ. ಮೀನು ತಟ್ಟೆಯಲ್ಲೇ ಉಳಿಯಿತು.

"ಎಂತ ಮಾಮಿ, ಉಪ್ಪು ಜಾಸ್ತಿಯಾಯ್ತಾ?" ಎಂದಳು ಅವಳು.

"ಇಲ್ಲ. ಹಸಿವಿಲ್ಲ."

ಮಾರನೆಯ ಬೆಳಿಗ್ಗೆ ಮಗ ನೀರುದೋಸೆ ತಿನ್ನುತ್ತಿದ್ದ. ಫೋನನ್ನು ಅವನ ತಟ್ಟೆಯ ಪಕ್ಕ ಇಟ್ಟು ಅವಳ ಸ್ವರವನ್ನು ಒತ್ತಿದೆ. ಕೇಳಿ ಅವನ ಕೈ ನಿಂತಿತು. ಸೊಸೆ ಅಡಿಗೆ ಕೋಣೆಯಿಂದ ಓಡಿ ಬಂದಳು.

"ಯಾವಾಗ ಬಂದದ್ದು ಇದು?" ಎಂದ ಮಗ.

"ನಿನ್ನೆ. ಬರ್ಬೇಡ ಅಂತ ಹೇಳಿದೆ."

"ಸರಿಯೇ ಹೇಳಿದ್ದೀರಿ ಅಮ್ಮ. ಸೆಮಿಸ್ಟರ್ ಅರ್ಧದಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಅವನು ಬೈದಿದ್ದರೆ ಚೆನ್ನಾಗಿತ್ತು. "ಸರಿ ತಪ್ಪು ಬಿಡು. ಈಗ ಸಾದಾ ಫೋನೇ ಹಾಕು, ಖರ್ಚು ಆಗ್ಲಿ" ಎಂದೆ.

ಅವಳು ಎತ್ತಿದಳು. ನಾನೇ ಮೊದಲು ಮಾತಾಡಿದೆ. "ನಿನ್ನೆ ನಾನು ಹೇಳಿದ್ದು ಬಿಟ್ಟುಬಿಡು. ನಿನ್ನ ಮಂಚದ ಆಸೆಗೆ ಹೇಳಿದ್ದು ನಾನು. ಬರ್ಬೇಕು ಅಂತ ಉಂಟಾ, ಬಾ. ಅಪ್ಪ ಇಲ್ಲೇ ಇದ್ದಾನೆ."

"ಎಸಿ ಆಫ್ ಮಾಡಿ ಮಲಗ್ತೀರಾ ಅಜ್ಜಿ?" ಎಂದಳು.

"ಹೌದು."

"ಹ್ಞೂಂ. ಅಪ್ಪನಿಗೆ ಕೊಡಿ."

ಅಪ್ಪ ಮಗಳು ತುಂಬಾ ಹೊತ್ತು ಮಾತಾಡಿದರು. ಹಾಗೆ ಅವರಿಬ್ಬರೇ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೊನೆಗೆ ಅವನು, "ಇರ್ತೇನೆ ಅಂತ ನೀನೇ ಹೇಳಿದ ಮೇಲೆ ಆಯ್ತು, ಪರೀಕ್ಷೆ ಮುಗಿಸಿಯೇ ಬಾ ಮಗಾ. ದಿನಾ ಈ ಹೊತ್ತಿಗೆ ನಾನು ಫೋನ್ ಮಾಡ್ತೇನೆ. ಆಗುದೇ ಇಲ್ಲ ಅನ್ನಿಸಿದ ದಿನ ಹೇಳು, ಟಿಕೆಟ್ ಮಾಡ್ತೇನೆ" ಎಂದ.

ಮಂಚ ಇನ್ನೂ ಕೆಲವು ತಿಂಗಳು ನನಗೇ ಎಂದು ಆಗಲೂ ಮನಸ್ಸಿಗೆ ಬಂತು. ಅಷ್ಟಾದ ಮೇಲೂ ಬಂತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಗನ ದೋಸೆ ತಣ್ಣಗಾಗಿತ್ತು. ಕಾವಲಿ ಬಿಸಿ ಮಾಡಿ ಇನ್ನೆರಡು ಹೊಯ್ದು ಕೊಟ್ಟೆ.