ಅಕ್ಕ ಹಾರಿದ ಮೈಲಿಗಳು

ಅಕ್ಕನ ಮೈಲಿಗಳನ್ನು ಕದ್ದವನು ನಾನು. ಕದ್ದೆ ಎಂದೇ ಬರೆಯುತ್ತೇನೆ — ಬಳಸಿಕೊಂಡೆ, ಹೇಗೂ ಹಾಳಾಗುತ್ತಿದ್ದವು ಎಂಬ ಮಾತುಗಳನ್ನೆಲ್ಲ ಮೂರು ವರ್ಷದಿಂದ ನನಗೆ ನಾನೇ ಹೇಳಿಕೊಂಡು ನೋಡಿದ್ದಾಯಿತು, ಯಾವುದೂ ನಾಟಲಿಲ್ಲ. ತಿಪಟೂರಿನ ಹೈಸ್ಕೂಲೊಂದರಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಾನು. ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ಇಣುಕಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಮಾನ ಮರ್ಯಾದೆಯ ಬಗ್ಗೆ ಗಂಟೆಗಟ್ಟಲೆ ಕೊರೆದಿದ್ದೇನೆ.

ಮೈಲಿ ಎಂದರೆ ಏನೆಂದು ಮೊದಲು ಹೇಳಬೇಕು. ವಿಮಾನದಲ್ಲಿ ಹಾರಿದ ದೂರಕ್ಕೆ ತಕ್ಕಂತೆ ಕಂಪನಿಯವರು ನಮ್ಮ ಹೆಸರಿಗೆ ಮೈಲಿಗಳನ್ನು ಜಮಾ ಮಾಡುತ್ತಾ ಹೋಗುತ್ತಾರೆ. ಸಾಕಷ್ಟು ಸೇರಿದರೆ ಹಿಂದಿನ ಇಕ್ಕಟ್ಟಿನ ಸೀಟಿನಿಂದ ಮುಂದಿನ ಬಿಸಿನೆಸ್ ಕ್ಲಾಸಿಗೆ ಹೋಗಬಹುದು — ಅಲ್ಲಿ ಕಾಲು ಚಾಚಿ ಮಲಗುವಂಥ ಸೀಟು. ನಮ್ಮಕ್ಕ ಸಿದ್ದಗಂಗಮ್ಮ ನೊಣವಿನಕೆರೆಯವಳು, ಮಗ ಸೊಸೆಯ ಜೊತೆ ತೆಂಗಿನ ತೋಟ ನೋಡಿಕೊಂಡಿರುವವಳು. ಮಗಳು ಶಶಿ ಕೆನಡಾದಲ್ಲಿ ನರ್ಸು. ಶಶಿಯ ಮೂರು ಬಾಣಂತನಕ್ಕೆ, ಆಮೇಲೊಂದು ಆಪರೇಷನ್ನಿಗೆ, ಹೀಗೆ ನಾಲ್ಕು ಸಲ ಅಕ್ಕ ಒಬ್ಬಳೇ ಹೋಗಿ ಬಂದಿದ್ದಳು. ಟಿಕೆಟ್ ಮಾಡಿಸುತ್ತಿದ್ದವನು ನಾನು. ಮೈಲಿಯ ಖಾತೆ ತೆರೆದವನೂ ನಾನೇ, ಅದಕ್ಕೆ ಕೊಟ್ಟಿದ್ದು ನನ್ನ ಫೋನ್ ನಂಬರು. ಹೀಗೊಂದು ಗಂಟು ತನ್ನ ಹೆಸರಿನಲ್ಲಿ ಬೆಳೆಯುತ್ತಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹೇಳಲಿಲ್ಲ.

ಅಕ್ಕನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಪ್ರತಿ ಸಲ ಹೊರಡುವಾಗಲೂ ನಾನೊಂದು ರಟ್ಟಿನ ಚೀಟಿ ಬರೆದುಕೊಡುತ್ತಿದ್ದೆ. ನನ್ನ ಹೆಸರು ಇದು, ನನಗೆ ಇಂಗ್ಲಿಷ್ ಬರುವುದಿಲ್ಲ, ಮಾಂಸ ಮೊಟ್ಟೆ ತಿನ್ನುವುದಿಲ್ಲ, ಊಟಕ್ಕೆ ಮೊದಲು ಪೂಜೆಗೆ ಒಂದು ಲೋಟ ನೀರು ಕೊಡಿ, ಮುಂದಿನ ವಿಮಾನದ ಬಾಗಿಲು ತೋರಿಸಿ — ಇಷ್ಟು. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅಕ್ಕ ಬಾಯಿಗೆ ಏನನ್ನೂ ಹಾಕುವವಳಲ್ಲ, ಅದಕ್ಕೇ ಆ ನೀರಿನ ಸಾಲು. ಆ ಚೀಟಿ ಹಿಡಿದುಕೊಂಡೇ ಅವಳು ಅರ್ಧ ಭೂಮಿ ದಾಟಿ ಮಗಳ ಮನೆ ಸೇರುತ್ತಿದ್ದಳು.

ಐದನೆಯ ಸಲ ಹೊರಡುವ ಹೊತ್ತಿಗೆ ಅವಳ ಮಂಡಿ ಕೆಟ್ಟಿತ್ತು. ಸೋದರಮಾವನಾದ ನಾನೂ ಜೊತೆಗೆ ಬರಲಿ ಎಂದು ಶಶಿ ಹಠ ಹಿಡಿದಳು. ನನ್ನ ಹೆಂಡತಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು, ಮಕ್ಕಳಿಲ್ಲ.

"ಒಬ್ನೇ ಗೋಡೆ ನೋಡ್ಕಂಡು ಏನ್ ಮಾಡ್ತೀಯ? ಬಾ ಕಣಪ್ಪ," ಎಂದಳು ಅಕ್ಕ. ಆಮೇಲೆ ನಕ್ಕು, "ಈ ಸಲ ಚೀಟಿ ಬ್ಯಾಡ ಬುಡು. ನೀನೇ ಇರ್ತೀಯಲ್ಲ," ಎಂದಳು.

ಹೊರಡುವುದಕ್ಕೆ ವಾರವಿರುವಾಗ ಫೋನಿನಲ್ಲಿ ಮೈಲಿಗಳನ್ನು ನೋಡಿದೆ. ಒಬ್ಬರಿಗೆ, ದಾರಿಯಲ್ಲಿ ಹತ್ತುವ ಎರಡು ವಿಮಾನಗಳಲ್ಲಿ ದೂರ ಹಾರುವುದಕ್ಕೆ ಮಾತ್ರ, ಸಾಲುವಷ್ಟಿತ್ತು. ಯಾರಿಗೆ ಎಂದು ಕೇಳಿತು. ಮೇಲೆ ಅವಳ ಹೆಸರು, ಕೆಳಗೆ ನನ್ನದು. ನಾನು ಕೆಳಗಿನದನ್ನು ಒತ್ತಿದೆ. ಬೆರಳು ಜಾರಿತು ಎನ್ನೋಣವೆಂದರೆ ಅದು ಹಾಳಾದ್ದು ಇನ್ನೊಂದು ಸಲ ಕೇಳಿತು — ಖಚಿತವೇ? ಹೌದು ಎಂದೆ. ಇಷ್ಟು ವರ್ಷ ಇವಳ ಟಿಕೆಟ್ಟಿಗೆ ಓಡಾಡಿದವನು ನಾನು, ಈ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತುತ್ತಿರುವವನು ನಾನು, ನನಗೂ ಒಂದು ಸುಖ ಬೇಡವೇ — ಹೀಗೆಲ್ಲ ಲೆಕ್ಕ ಹಾಕಿದೆ. ಮಂಡಿ ಕೆಟ್ಟಿದ್ದು ಅವಳದು ಎನ್ನುವುದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ಮಧ್ಯದ ನಿಲ್ದಾಣದವರೆಗೆ ಅಕ್ಕಪಕ್ಕವೇ ಕುಳಿತು ಹೋದೆವು. ಅಲ್ಲಿಂದ ಹದಿನಾಲ್ಕು ಗಂಟೆಯ ವಿಮಾನ. ಅದರ ಬಾಗಿಲಿನಲ್ಲಿ ನಾನು ಆ ಮಾತು ಹೇಳಿದೆ.

"ಅಕ್ಕ, ಕಂಪ್ಯೂಟರ್ ಒಬ್ಬರನ್ನ ಆರಿಸಿ ಮುಂದಿನ ಸೀಟು ಕೊಡುತ್ತಂತೆ. ನನ್ನ ಹೆಸರು ಬಂದಿದೆ."

ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅಯ್ಯೋ, ಒಳ್ಳೇದಾಯ್ತು ಕಣ್ಲಾ! ಹೋಗು, ಕಾಲ್ ನೀಡ್ಕಂಡು ಮಲಿಕ್ಕೊ. ನಂಗೇನು, ಅಭ್ಯಾಸ ಐತೆ."

ಅವಳನ್ನು ಸೀಟಿಗೆ ಕೂರಿಸಿ ಬಂದೆ. ಮಧ್ಯದ ಸೀಟು. ನಾನಿರಬೇಕಾದ ಜಾಗಕ್ಕೆ ಯಾರೋ ದಪ್ಪನೆಯ ಮನುಷ್ಯ ಬಂದು ಕುಳಿತ.

ಮುಂದುಗಡೆ ನನ್ನನ್ನು 'ಸರ್' ಎಂದರು. ಬಿಸಿ ಟವೆಲು ಕೊಟ್ಟರು. ಗಗನಸಖಿಯೊಬ್ಬಳು ನನ್ನ ಹೆಸರು ಹಿಡಿದು ಮಾತಾಡಿಸಿದಳು, ನಾನು ಮೇಷ್ಟ್ರ ಇಂಗ್ಲಿಷಿನಲ್ಲಿ ಠೀವಿಯಿಂದ ಉತ್ತರ ಕೊಟ್ಟೆ. ಬ್ಯಾಗು ಮೇಲಿಡುವಾಗ ಚಟ್ನಿಪುಡಿಯ ವಾಸನೆ ಬಂತು. ಅಕ್ಕನ ಬುತ್ತಿ. ಚಪಾತಿ, ಕೊಬ್ಬರಿ ಚಟ್ನಿಪುಡಿ, ಕೋಡುಬಳೆ — ಮಂಡಿ ನೋಯುತ್ತದೆಂದು ಅವಳ ಕೈಚೀಲವನ್ನು ನಾನೇ ಹೊತ್ತುಕೊಂಡು, ನನ್ನ ಬ್ಯಾಗಿಗೆ ತುರುಕಿಕೊಂಡಿದ್ದೆ. ಆಮೇಲೆ ಕೊಟ್ಟರಾಯಿತು ಎಂದುಕೊಂಡೆ. ಆಮೇಲೆ ಊಟ ಬಂತು, ಪಿಂಗಾಣಿ ತಟ್ಟೆಯಲ್ಲಿ. ಉಂಡು, ಸೀಟು ಹಾಸಿಗೆ ಮಾಡಿಸಿಕೊಂಡು ಮಲಗಿದೆ.

ಎಚ್ಚರವಾದಾಗ ವಿಮಾನ ಹೊರಟು ಎಂಟು ಗಂಟೆ ಕಳೆದಿತ್ತು. ಹೊರಗೆ ಹಾಡಹಗಲು, ಒಳಗೆ ಕಿಟಕಿಗಳನ್ನು ಮುಚ್ಚಿ ಕತ್ತಲು ಮಾಡಿದ್ದರು. ಪ್ರತಿಯೊಬ್ಬರ ಸುತ್ತ ಎದೆಯೆತ್ತರದ ಗೋಡೆ, ಒಬ್ಬರ ಮುಖ ಒಬ್ಬರಿಗಿಲ್ಲ. ಹೆಂಡತಿ ಹೋದ ಮೇಲೆ ತಿಪಟೂರಿನ ಮನೆ ಹೇಗಿತ್ತೋ ಹಾಗೇ ಇತ್ತು. ಅಷ್ಟು ಮೆತ್ತಗಿನ ಹಾಸಿಗೆಯಲ್ಲಿ ನನಗೆ ಅಳು ಬಂತು, ಯಾಕೆಂದು ಇವತ್ತಿಗೂ ಸರಿಯಾಗಿ — ಇರಲಿ. ಎದ್ದು ಬುತ್ತಿಯ ಚೀಲ ತೆಗೆದುಕೊಂಡು ಹಿಂದಕ್ಕೆ ಹೋದೆ.

ಇಷ್ಟರವರೆಗೆ ಹೇಳಿದ್ದು ಕಳ್ಳತನ. ಇನ್ನು ಹೇಳುವುದು ಅದಕ್ಕಿಂತ ಕೆಟ್ಟದ್ದು.

ಮುಂದಿನ ಸೀಟುಗಳಿಗೂ ಹಿಂದಿನವಕ್ಕೂ ನಡುವೆ ಇಳಿಬಿಟ್ಟ ಪರದೆಯ ಸಂದಿಯಲ್ಲಿ ಅಕ್ಕ ಕಂಡಳು. ತಲೆಯ ಮೇಲಿನ ಸಣ್ಣ ದೀಪ ಉರಿಯುತ್ತಿತ್ತು. ಎಡಗೈಯನ್ನು ಎದೆಯ ಮುಂದೆ ಬಟ್ಟಲಿನ ಹಾಗೆ ಹಿಡಿದು, ಬಲಗೈಯಿಂದ ಅದಕ್ಕೆ ಏನೋ ಸುರಿದಂತೆ ಮಾಡಿ ತೋರಿಸುತ್ತಿದ್ದಳು. ನೀರು ಕೇಳುತ್ತಿದ್ದಳು, ಪೂಜೆಗೆ. ಗಗನಸಖಿ ಬಗ್ಗಿ ನೋಡಿದಳು, ಅರ್ಥವಾಗಲಿಲ್ಲ. ಅಕ್ಕ ಮತ್ತೊಮ್ಮೆ ಮಾಡಿ ತೋರಿಸಿದಳು. ಆ ಹುಡುಗಿ ತಲೆಯಾಡಿಸಿ ಹೋಗಿ ಒಂದು ಕಂಬಳಿ ತಂದುಕೊಟ್ಟಳು. ಅಕ್ಕ ನಕ್ಕು ಕೈಮುಗಿದು ಅದನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡಳು.

ಹತ್ತು ಹೆಜ್ಜೆ. ಹತ್ತು ಹೆಜ್ಜೆ ಹೋಗಿದ್ದರೆ ಸಾಕಿತ್ತು. ನಾನು ಪರದೆ ಬಿಟ್ಟು ವಾಪಸು ಬಂದೆ.

ಯಾಕೆ? ಬುತ್ತಿ ಬಿಚ್ಚಿದರೆ ವಾಸನೆ ಬರುತ್ತದೆ, ಅಂಗೈಯಲ್ಲಿ ಲಿಂಗ ಹಿಡಿದು ಅವಳು ಕಣ್ಣು ಮುಚ್ಚಿದರೆ ಸುತ್ತಲಿನವರು ತಿರುಗಿ ನೋಡುತ್ತಾರೆ, ನಾನು ಪಕ್ಕದಲ್ಲಿ ನಿಂತಿರಬೇಕಾಗುತ್ತದೆ. ನನ್ನನ್ನು ಸರ್ ಎಂದ ಹುಡುಗಿ ನೋಡುತ್ತಾಳೆ. ನನಗೆ ನಾಚಿಕೆಯಾಯಿತು — ಅಕ್ಕನ ಬಗ್ಗೆ. ಅಮ್ಮ ಸತ್ತ ಮೇಲೆ ತನ್ನ ಗಂಡನ ಮನೆಯಲ್ಲಿಟ್ಟುಕೊಂಡು ಹತ್ತು ವರ್ಷ ಅನ್ನ ಹಾಕಿ ಓದಿಸಿದವಳ ಬಗ್ಗೆ. ಆ ಇಂಗ್ಲಿಷು ನನ್ನ ಬಾಯಿಗೆ ಬಂದದ್ದೇ ಅವಳ ಮನೆಯ ಜಗಲಿಯಲ್ಲಿ. ಥೂ, ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ನಾನು ಹಾಸಿಗೆಗೆ ಹೋಗಿ ಇನ್ನೊಂದು ಜ್ಯೂಸು ತರಿಸಿಕೊಂಡೆ.

ಇಳಿದಾಗ ಅಕ್ಕನ ತುಟಿ ಒಣಗಿ ಬಿರಿದಿತ್ತು. ಪಾದ ಊದಿ ಚಪ್ಪಲಿಗೆ ಹೋಗದೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ನಿದ್ದೆ ಬಂತಾ?" ಎಂದು ಕೇಳಿದಳು.

"ನೀನು ಊಟ ಮಾಡಿದೆಯಾ?" ಎಂದೆ, ಗೊತ್ತಿದ್ದೂ.

"ನಂಗೆ ಹಸಿವೇ ಆಗ್ಲಿಲ್ಲ ಬುಡು."

ಶಶಿಯ ಮನೆ ತಲುಪಿದ ಮೇಲೆ ಮುಖ ತೊಳೆದು, ಪೂಜೆ ಮುಗಿಸಿ, ತಿರುಗಿ ಕೂತು ಅದೇ ಬುತ್ತಿಯನ್ನು ಬಿಚ್ಚಿದಳು. ಹಳಸಲಾದ ಚಪಾತಿ. ಅದರಲ್ಲಿ ಅರ್ಧ ಮುರಿದು ಮೊದಲು ನನ್ನ ಕೈಗಿಟ್ಟಳು.

ಊರಿಗೆ ಮರಳಿದ ಮೇಲೆ ಅವಳು ಆ ಕತೆಯನ್ನು ಹೇಳದ ಮನೆಯಿಲ್ಲ. ಮದುವೆ ಮನೆ, ನಾಮಕರಣ, ಕಾಯಿ ಕೊಳ್ಳಲು ಬಂದ ವ್ಯಾಪಾರಿ — ಯಾರು ಸಿಕ್ಕಿದರೂ ಅದೇ. "ಅಷ್ಟು ಜನದಲ್ಲಿ ನನ್ ತಮ್ಮನ್ನೇ ಆರಿಸಿ ಮುಂದೆ ಕೂರಿಸಿದ್ರು ಕಣ್ರೀ!" ಪಕ್ಕದಲ್ಲಿ ನಾನು ಕೋಲೆಬಸವನ ಹಾಗೆ ತಲೆಯಾಡಿಸಬೇಕು. ಶನಿವಾರ ಶನಿವಾರ ಅವಳ ಮನೆಯಲ್ಲಿ ಊಟ ಮಾಡುವುದು ನನಗೆ ರೂಢಿ, ಅದನ್ನೂ ಬಿಟ್ಟೆ. ಜ್ವರ ಎಂದೆ, ಬಸ್ಸು ತಪ್ಪಿತು ಎಂದೆ. ನನಗೆ ಹೋಗಲು ಇದ್ದದ್ದು ಅದೊಂದೇ ಮನೆ. ಶನಿವಾರಗಳಲ್ಲಿ ಕುಕ್ಕರಿಗೆ ಒಂದು ಪಾವು ಅಕ್ಕಿ ಹಾಕಿ, ಯಾರ ದನಿಯೂ ಇಲ್ಲದ ಅಡುಗೆಮನೆಯಲ್ಲಿ ನಿಂತೇ ಉಣ್ಣುವುದನ್ನು ಕಲಿತೆ.

ಹೋದ ವಾರ ಅವಳೇ ಫೋನು ಮಾಡಿದಳು. ದೊಡ್ಡ ಮೊಮ್ಮಗಳಿಗೆ ಲಿಂಗದೀಕ್ಷೆಯಂತೆ, ಅಜ್ಜಿ ಬರಲೇಬೇಕಂತೆ.

"ನೀನೂ ಬಾ. ಬತ್ತೀಯ ತಾನೆ? ಹಂಗೇ ಆ ಚೀಟಿ ಒಂದು ಬರ್ಕೊಟ್ಬುಡು."

"ನಾನೇ ಇರ್ತೀನಲ್ಲಕ್ಕ, ಚೀಟಿ ಯಾಕೆ?"

"ಇರ್ತೀಯ ಬುಡು. ಇದ್ರೂ ಒಂದು ಇರ್ಲಿ ಕಣಪ್ಪ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳಿಗೆ ಎಷ್ಟು ಗೊತ್ತು — ಪರದೆಯ ಸಂದಿಯಲ್ಲಿ ನನ್ನ ಮುಖ ಕಂಡಿತ್ತೇ — ನನಗೆ ತಿಳಿಯದು. ರಟ್ಟು ಕತ್ತರಿಸಿಕೊಂಡು ಕುಳಿತೆ. ಹೆಸರು, ಮೊಟ್ಟೆ, ಒಂದು ಲೋಟ ನೀರು — ನೀರಿನ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ರಟ್ಟು ತಿರುಗಿಸಿದೆ. ಹಿಂಬದಿಯಲ್ಲಿ, ಅವಳು ಓದಬಲ್ಲ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದೆ: ಕಂಪ್ಯೂಟರ್ ನನ್ನನ್ನು ಆರಿಸಲಿಲ್ಲ. ಆ ಸೀಟು ನಿನ್ನದು, ನೀನು ಹಾರಿದ ಮೈಲಿಗಳದ್ದು. ನೀನು ನೀರು ಕೇಳಿದ್ದನ್ನು ನಾನು ನೋಡಿದೆ. ನೋಡಿ ಹೊರಟುಹೋದೆ.

ನಿನ್ನೆ ಶನಿವಾರ. ಬಸ್ಸು ಹತ್ತಿ ನೊಣವಿನಕೆರೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ವರ್ಷದಿಂದ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಕೇಳುತ್ತಿದ್ದಳು. ಚೀಟಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇನ್ಲಾ, ಈ ಸಲ ಕನ್ನಡದಾಗೂ ಬರ್ದಿದೀಯ? ತಡಿ, ಕಣ್ಣು ಕಾಣಲ್ಲ. ಕನ್ನಡಕ ಎಲ್ಲಿ ಮಡಗಿದ್ನೋ."

ಆಮೇಲೆ ಓದಿಕೋ ಎನ್ನಬಹುದಿತ್ತು. ನಾನೇ ಎದ್ದು ಒಳಗೆ ಹೋಗಿ, ದೇವರ ಗೂಡಿನಲ್ಲಿದ್ದ ಕನ್ನಡಕ ಹುಡುಕಿ, ಪಂಚೆಯ ತುದಿಯಿಂದ ಒರೆಸಿ, ತಂದು ಅವಳ ಕೈಗೆ ಕೊಟ್ಟೆ.