ಬೀರೂ ಮಾಮಾನ ಕುರಿಗಂಟೆ

ಬೀರೂ ಮಾಮಾ ಒಣ ಅಂಗಿಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದ. ಕೋಳಿ ಕಾವಿಗೆ ಕೂತ ಹಾಗೆ ಎಂದು ಓಣಿಯವರು ನಗುತ್ತಿದ್ದರು. ಡಿಸೆಂಬರಿನ ನಸುಕಿನಲ್ಲಿ ಪಂಚಗಂಗೆಯ ಮಂಜು ಕಬ್ಬಿನ ಹೊಲಗಳ ಮೇಲೆ ಕೂತಿರುವಾಗ, ಕುರುಂದವಾಡದ ಕಡೆಗೆ ಹೋಗುವ ರಸ್ತೆಯ ಮೂರನೆಯ ಮೋರಿಯ ಮೇಲೆ ಆತ ಕಂಬಳಿ ಹೊದ್ದು ಕೂತಿರುತ್ತಿದ್ದ. ಕಂಬಳಿಯೊಳಗೆ ಮಡಿಸಿದ ಅಂಗಿ, ಅಂಗಿಯ ಮೇಲೆ ಎರಡೂ ಕೈ. ನಾನು ಓಡಿ, ಬೆವೆತು ಬಂದು ನಿಂತ ಕೂಡಲೇ ಮೈಮೇಲಿನ ಹಸಿ ಅಂಗಿ ಕಳಚಿಸಿ ಆ ಬೆಚ್ಚನೆಯದನ್ನು ತೊಡಿಸುತ್ತಿದ್ದ. ಅದಕ್ಕೆ ಎಲೆಅಡಿಕೆ, ಮಗ್ಗದ ಎಣ್ಣೆ, ಕುರಿಯುಣ್ಣೆ ಮೂರೂ ಸೇರಿದ ಒಂದು ವಾಸನೆ ಇರುತ್ತಿತ್ತು. ಈಗ ಆ ವಾಸನೆ ನೆನಪಾದರೆ ನನಗೆ ಹಿತವಾಗುವುದಿಲ್ಲ. ಯಾಕೆ ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮಾಮಾ ಎಂದು ಕರೆಯುತ್ತಿದ್ದೆನಾದರೂ ಆತ ನಮ್ಮ ನೆಂಟನಲ್ಲ. ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿದ ಮನೆ ಆತನದು. ದತ್ತವಾಡದ ಕುರುಬರವನು. ಕುರಿ ಬಿಟ್ಟು ಊರಿಗೆ ಬಂದು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದ; ಅಂದರೆ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವವನು. ನಾನು ಅದೇ ಶೆಡ್ಡಿನಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದೆ. ಉಳಿದ ಜಾಬರುಗಳು ಬಗ್ಗಿ, ಬಾಗಿ, ಬ್ಯಾಟರಿ ಹಚ್ಚಿ ನೋಡಿದರೆ ಈತ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅಷ್ಟು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಗದ್ದಲದಲ್ಲಿ ಕೇಳಿಸಿಕೊಂಡು, "ಮೂರನೇ ಸಾಲಿನ್ಯಾಗ ಒಂದಕ್ಕ ಹೊಟ್ಟಿ ನೋಯಾಕತ್ತೈತಿ ನೋಡ್ರಿ" ಅನ್ನುತ್ತಿದ್ದ. ಹೋಗಿ ನೋಡಿದರೆ ಅದು ಹೌದೇ ಆಗಿರುತ್ತಿತ್ತು. ಕುರಿ ಕಾಯ್ದವನ ಕಿವಿ ಅದು. ಇನ್ನೂರು ಕುರಿಗಳ ಗಂಟೆಗಳ ನಡುವೆ ಕುಂಟುವ ಒಂದೇ ಕುರಿಯ ಗಂಟೆಯನ್ನು ಹೆಕ್ಕಿ ತೆಗೆಯುತ್ತಿದ್ದ ಕಿವಿ.

ನಾನು ಓಡುತ್ತಿದ್ದುದು ಪೊಲೀಸ್ ಭರ್ತಿಗಾಗಿ, ಅಂದರೆ ನೇಮಕಾತಿಗಾಗಿ. ಹಿಂದಿನ ಚಳಿಗಾಲ ಕೊಲ್ಲಾಪುರದ ಮೈದಾನದಲ್ಲಿ ಮೊದಲ ಸುತ್ತಿಗೇ ಮೀನಖಂಡ ಗಂಟುಕಟ್ಟಿ ಬಿದ್ದುಬಿಟ್ಟಿದ್ದೆ. ನಾಚಿಕೆಯಿಂದ ತೊಯ್ದ ಬನಿಯನ್ನಿನಲ್ಲೇ ಬಸ್ಸು ಹತ್ತಿ ಬಂದು ಒಂಬತ್ತು ದಿನ ಜ್ವರ ಮಲಗಿದ್ದೆ. ಇನ್ನು ಒಂದೇ ವರ್ಷ ಉಳಿದಿತ್ತು. ಅದು ತಪ್ಪಿದರೆ ವಯಸ್ಸು ಮೀರುತ್ತಿತ್ತು. ಆಮೇಲೆ ಜೀವನಪೂರ್ತಿ ಶೆಡ್ಡೇ ಗತಿ. ನಮ್ಮಪ್ಪ ಮಗ್ಗದ ಧೂಳು ಕುಡಿದೂ ಕುಡಿದೂ ಕೆಮ್ಮುವುದನ್ನು ಗೋಡೆಯಾಚೆಯಿಂದ ಮಾಮಾ ದಿನಾ ಕೇಳುತ್ತಿದ್ದ. ಒಂದು ದಿನ ತಾನೇ ಬಂದು ನಮ್ಮ ಹೊಸ್ತಿಲ ಮೇಲೆ ಕೂತ.

"ನಿನ್ನ ಕಾಲ ಛಲೋ ಅದಾವ ಬಸ್ಯಾ. ನಿನಗ ಅರಿವಿ ಹಾಕ್ಕೊಳ್ಳಾಕ ಬರೂದಿಲ್ಲ, ಅಷ್ಟ. ನಾಳಿಯಿಂದ ನಾ ಹಾಕ್ತೇನಿ."

ಹೀಗೆ ಇಪ್ಪತ್ನಾಲ್ಕು ವರ್ಷದ ಕತ್ತೆಗೆ ಮಾಮಾ ಬಟ್ಟೆ ಹಾಕಲು ಶುರುಮಾಡಿದ. ಮೊದಲು ಮೊಣಕಾಲು ಮೀನಖಂಡಗಳಿಗೆ ಎಳ್ಳೆಣ್ಣೆ. ಆಮೇಲೆ ಬರಿಮೈಗೆ ಕಂಬಳಿಯ ಬನಿಯನ್. ಹಳೆಯ ಕಂಬಳಿಯನ್ನು ಕತ್ತರಿಸಿ ಆತನ ಹೆಂಡತಿ ಮಾಳವ್ವ ಹೊಲಿದುಕೊಟ್ಟದ್ದು ಅದು. ತೊಟ್ಟರೆ ಮೈಗೆ ತುರಿಚಿ ಸೊಪ್ಪು ಸವರಿದಂತಾಗುತ್ತಿತ್ತು. ಕಡಿಯುತ್ತದೆ ಎಂದರೆ, "ಕಡೀಲಿ. ಕಡೀತೈತಿ ಅಂದ್ರ ಜೀವ ಐತಿ ಅಂತ ತಿಳಕೋ" ಎನ್ನುತ್ತಿದ್ದ. ಅದರ ಮೇಲೆ ಎದೆಗೆ ಮಡಿಸಿದ ಮರಾಠಿ ಪೇಪರು, ಪೇಪರಿನ ಮೇಲೆ ಅಂಗಿ. ಕೈಗೆ ಕಾಲುಚೀಲ. ತಲೆಗೆ ಟಾವೆಲ್ಲು, ಅದೂ ಒಂದೇ ಕಿವಿ ಮುಚ್ಚುವ ಹಾಗೆ. "ಮುಚ್ಚಿದ್ದು ಥಂಡಿಗೆ, ಬಿಟ್ಟಿದ್ದು ಟ್ರ್ಯಾಕ್ಟರಿಗೆ." ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ನಿಲ್ಲಿಸಿ, ತಾನು ಒಂದು ಎಲೆ ಜಗಿದು ಮುಗಿಸುವವರೆಗೆ ನೋಡುತ್ತಿದ್ದ. ನಾನು ನಡುಗದಿದ್ದರೆ ಒಂದು ಅರಿವೆ ತೆಗೆಸುತ್ತಿದ್ದ.

"ಹೊಂಡೂವಾಗ ನಡಗಬೇಕು, ಬರೂವಾಗ ಹೊಗ್ಯಾಡಬೇಕು. ಬೆಚ್ಚಗ ಹೊಂಟವ ಥಣ್ಣಗಾಗಿ ಬರತಾನ."

ಹತ್ತಿಯ ಮೇಲೆ ಮಾತ್ರ ಆತನಿಗೆ ವಿಪರೀತ ಸಿಟ್ಟು. ಊರಿಗೆ ಊರೇ ಹತ್ತಿಯ ಮೇಲೆ ಬದುಕಿರುವಾಗ ಅದೆಂಥ ಸಿಟ್ಟು ನೋಡಿ! ಒಮ್ಮೆ ಸಾವಕಾರರು ಹೊರಗಿನ ವ್ಯಾಪಾರಿಗಳನ್ನು ಶೆಡ್ಡಿಗೆ ಕರೆತಂದು ಹೊಸ ಮಾಲು ತೋರಿಸುತ್ತಿದ್ದರು. ಮಾಮಾ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಭಾಳ ಛಲೋ ಐತ್ರಿ ಸಾವಕಾರ್ರ. ಒಣಗಿದ್ರ ಅಂಗಿ, ತೊಯ್ದ್ರ ಹೆಣದ ಅರಿವಿ" ಅಂದುಬಿಟ್ಟ. ವ್ಯಾಪಾರಿಗಳು ಬಟ್ಟೆ ಕೆಳಗಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಮನೆ ಸೇರುತ್ತಿದ್ದ. ಆ ಕಿವಿಯಂಥ ಕಿವಿ ಇನ್ನೊಂದು ಸಿಗದು ಎಂದು ಸಾವಕಾರರು ಹಲ್ಲು ಕಚ್ಚಿಕೊಂಡು ಸುಮ್ಮನಾದರು.

ಆ ಮಾತಿನ ಹಿಂದೆ ಒಂದು ಸಾವಿತ್ತು. ಮಾಮಾನ ತಮ್ಮ ಒಂದು ಚಳಿಗಾಲದಲ್ಲಿ ಕುರುಂದವಾಡದಿಂದ ದತ್ತವಾಡದವರೆಗೆ ಏನೋ ಸುದ್ದಿ ಹೊತ್ತು ಓಡಿ ಬಂದಿದ್ದನಂತೆ. ಬಂದವನು ಬೆವರಿಳಿಯುವ ಅಂಗಿಯಲ್ಲೇ ಕಟ್ಟೆಯ ಮೇಲೆ ಕೂತು ಎಲ್ಲರ ಜೊತೆ ಮಾತಾಡಿದ. ಅಂಗಿ ಮೈಮೇಲೇ ಆರಿತು. ಎಂಟು ದಿನಕ್ಕೆ ಆತ ಇರಲಿಲ್ಲ. "ನಾ ಅಲ್ಲೇ ಬಾಜೂಕ ಕುಂತಿದ್ದೆ. ಒಂದ ಒಣಾ ಅಂಗಿ ಕೊಡಬೇಕು ಅಂತ ನನಗ ಹೊಳೀಲಿಲ್ಲ" ಎಂದು ಮಾಮಾ ಒಂದೇ ಸಲ ಹೇಳಿದ್ದ. ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ದಿನಾ ಬೆಳಗ್ಗೆ ಹೊಟ್ಟೆಯ ಮೇಲೆ ಅಂಗಿ ಇಟ್ಟುಕೊಂಡು ಕೂರುತ್ತಿದ್ದನಲ್ಲ, ಅದು ನನಗೊಬ್ಬನಿಗಾಗಿ ಅಲ್ಲ ಎಂದು ನನಗೆ ತಿಳಿಯುತ್ತಿತ್ತು.

ಬಟ್ಟೆಯ ಕೊನೆಗೆ ಗಂಟೆ. ಉಣ್ಣೆಯ ಹುರಿಯಲ್ಲಿ ಪೋಣಿಸಿದ ಕುರಿಯ ಗಂಟೆಯನ್ನು ನನ್ನ ಸೊಂಟಕ್ಕೆ ಕಟ್ಟುತ್ತಿದ್ದ. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಯ ಮೇಲೆ ನಸುಕಿನಿಂದಲೇ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರಾಲಿ, ಎರಡು ದೀಪದಲ್ಲಿ ಒಂದು ಉರಿದರೆ ಪುಣ್ಯ. "ಮಂಜಿನ್ಯಾಗ ಕಣ್ಣು ಸುಳ್ಳ ಹೇಳತಾವ, ಕಿವಿ ಹೇಳೂದಿಲ್ಲ" ಎನ್ನುತ್ತಿದ್ದ. ಗಾಳಿ ಬೀಸಿದರೆ ಗಂಟೆ ಕೇಳುತ್ತದೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ನಕ್ಕಿದ್ದ. "ಹುಚ್ಚಪ್ಪಾ, ಮಂಜು ಗಾಳಿ ಅಂದ್ರ ಸವತೇರು. ಒಬ್ಬಾಕಿ ಬಂದ್ಲಂದ್ರ ಇನ್ನೊಬ್ಬಾಕಿ ಮನಿ ಬಿಡತಾಳ. ಮಂಜಿದ್ದಲ್ಲಿ ಗಾಳಿ ಇರೂದಿಲ್ಲ. ಕುರುಬರ ಕೂಸಿಗೂ ಗೊತ್ತೈತಿ ಇದು."

ಗಂಟೆ ಕಟ್ಟಿ ತಾನು ಸೈಕಲ್ಲಿನಲ್ಲಿ ಮುಂದೆ ಹೋಗಿ, ಮೋರಿಯ ಮೇಲೆ ಕೂತೇ ಆತ ನನ್ನ ಓಟವನ್ನು ಕೇಳುತ್ತಿದ್ದ. ನಾನು ಕಾಣುವುದಕ್ಕೆ ಮೊದಲೇ, ಬಿಳಿ ಮಂಜಿನೊಳಗಿಂದ ಆತನ ದನಿ ಬರುತ್ತಿತ್ತು. "ಎಡಗಾಲ ಎಳ್ಯಾಕತ್ತೀ! ಎತ್ತು!"

ನಾನು ಕೆಟ್ಟದ್ದು ಆ ಗಂಟೆಯ ನಾಚಿಕೆಯಿಂದ. ದಾರಿಯಲ್ಲಿ ಒಂದು ಚಹಾದಂಗಡಿ ಇತ್ತು. ಭರ್ತಿಗೇ ತಯಾರಾಗುತ್ತಿದ್ದ ನಾಲ್ಕೈದು ಹುಡುಗರು ಓಟ ಮುಗಿಸಿ ಅಲ್ಲಿ ಕೂರುತ್ತಿದ್ದರು. ಅವರಿಗೆ ಬಣ್ಣದ ಸ್ವೆಟರು, ಬಿಳಿ ಬೂಟು. ನನ್ನ ಗಂಟೆ ಕೇಳಿದ ಕೂಡಲೇ ಒಬ್ಬ ಮರಾಠಿಯಲ್ಲಿ, "ಮೇಂಢರೂ ಆಲಂ ರೇ!" ಅನ್ನುತ್ತಿದ್ದ, ಕುರಿ ಬಂತು ಕುರಿ ಎಂದು. ಉಳಿದವರು ಬ್ಯಾ ಬ್ಯಾ ಎಂದು ಅರಚುತ್ತಿದ್ದರು. ಹದಿನೈದು ದಿನ ಸಹಿಸಿದೆ. ಹದಿನಾರನೆಯ ದಿನ ಶೆಡ್ಡಿನಿಂದ ಒಂದು ಹಿಡಿ ಹತ್ತಿ ತಂದು, ಓಡುವ ದಾರಿಯಲ್ಲಿ ಗಂಟೆಯ ಬಾಯಿಗೆ ತುರುಕಿದೆ. ಚಹಾದಂಗಡಿ ದಾಟಿ ಬೇವಿನ ಮರ ಬಂದಾಗ ತೆಗೆಯುವುದು, ಅಲ್ಲಿಂದ ಮುಂದೆ ಮಾಮಾನಿಗೆ ಕೇಳುತ್ತದೆ. ಇದು ನನ್ನ ಲೆಕ್ಕ. ಮೊದಲ ದಿನ ಸರಿಯಾಗಿ ನಡೆಯಿತು. "ಇವತ್ತ ಗಂಟಿ ತಡಾ ಆಗಿ ಕೇಳ್ತು" ಎಂದ ಮಾಮಾ. ನಾನು ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದೆ.

ಮರುದಿನದಂಥ ಮಂಜನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚಾಚಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಚಹಾದಂಗಡಿಯ ಹುಡುಗರು ಬಂದಿರಲೇ ಇಲ್ಲ. ಗಂಟೆಗೆ ಆಗಲೇ ಹತ್ತಿ ತುರುಕಿಕೊಂಡಿದ್ದೆ, ಅದಕ್ಕೆ ಕಾರಣವೇ ಇರಲಿಲ್ಲ. ಬೇವಿನ ಮರ ಯಾವಾಗ ದಾಟಿತೋ ತಿಳಿಯಲಿಲ್ಲ. ಮುಂದೆ ಎಲ್ಲೋ ಮಾಮಾನ ದನಿ ಕೇಳಿದಾಗಲೇ ಎಚ್ಚರವಾದದ್ದು.

"ಬಸ್ಯಾ! ಲೇ ಬಸ್ಯಾ, ಎಲ್ಲಿ ಅದೀಯೋ?"

ಓ ಎನ್ನಬಹುದಾಗಿತ್ತು. ಒಂದು ಅಕ್ಷರ. ಓಗೊಟ್ಟರೆ ಇಷ್ಟು ಹತ್ತಿರ ಬಂದರೂ ಗಂಟೆ ಯಾಕೆ ಕೇಳಲಿಲ್ಲ ಎಂದು ಕೇಳುತ್ತಾನಲ್ಲ ಎಂದು, ಮೊದಲು ಹತ್ತಿ ತೆಗೆಯೋಣವೆಂದು ನಿಂತೆ. ಕೈಗೆ ಕಾಲುಚೀಲ ಇತ್ತು, ಬೆರಳು ಗಂಟೆಯೊಳಗೆ ಹೋಗಲೊಲ್ಲದು. ಹಲ್ಲಿನಿಂದ ಚೀಲ ಎಳೆಯುತ್ತಿರುವಾಗ ಮಾಮಾನ ಬೆನ್ನ ಹಿಂದಿನ ದಿಕ್ಕಿನಿಂದ ಟ್ರ್ಯಾಕ್ಟರಿನ ಸಪ್ಪಳ ಬಂತು. ಮಾಮಾ ಮತ್ತೊಮ್ಮೆ ಕೂಗಿದ. ಈ ಸಲ ನನ್ನನ್ನಲ್ಲ. "ನಿಂದರಸೋ! ಮುಂದ ಹುಡುಗ ಅದಾನ, ನಿಂದರಸೋ!" ಆಮೇಲೆ ಬ್ರೇಕಿನ ಚೀರಾಟ, ಕಬ್ಬು ಸುರಿದು ಬಿದ್ದ ಸದ್ದು. ಆ ಹೊತ್ತಿಗೆ ಹತ್ತಿ ನನ್ನ ಬೆರಳಿಗೆ ಸಿಕ್ಕಿತು. ಅದನ್ನು ಕಬ್ಬಿನೊಳಗೆ ಎಸೆದು ಓಡಿದೆ. ಗಂಟೆ ಈಗ ಚೆನ್ನಾಗಿ ಬಾರಿಸುತ್ತಿತ್ತು.

ಮಾಮಾ ರಸ್ತೆಯ ಅಂಚಿನಲ್ಲಿ ಬಿದ್ದಿದ್ದ. ಸೊಂಟದ ಕೆಳಗೆ ನೋಡುವಂತಿರಲಿಲ್ಲ. ಡ್ರೈವರ್ ತಲೆ ಬಡಿದುಕೊಳ್ಳುತ್ತಿದ್ದ. "ನಡುದಾರ್ಯಾಗ ಬಂದು ಕೈ ಬೀಸಿದ್ರೀ. ಬ್ರೇಕ್ ಹಾಕೇನ್ರಿ, ಲೋಡ್ ನಿಲ್ಲಲಿಲ್ರೀ!" ನಾನು ಬಗ್ಗಿದಾಗ ಗಂಟೆ ಡಣ್ಣೆಂದಿತು. ಮಾಮಾ ಕಣ್ಣು ತೆರೆದ.

"ಬಂದಿಯೇನೋ?"

"ಬಂದೇನ್ರಿ ಮಾಮಾ."

"ಗಂಟಿ ಈಗ ಕೇಳಾಕತ್ತೈತಿ. ಆಗ ಯಾಕ ಕೇಳಲಿಲ್ಲೋ?"

ನನ್ನ ಬಾಯಿಗೆ ಬಂದದ್ದು ಇಷ್ಟೇ: "ಗಾಳಿ ಆ ಕಡಿಗಿತ್ರಿ."

ಮಂಜು ನಮ್ಮಿಬ್ಬರ ಮುಖಗಳ ನಡುವೆ ಅಲುಗಾಡದೆ ನಿಂತಿತ್ತು. ನಾನು ಸುಳ್ಳು ಹೇಳುತ್ತಿದ್ದೇನೆಂದು ಆತನಿಗೆ ತಿಳಿಯಿತು, ತಿಳಿಯಿತೆಂದು ನನಗೂ ತಿಳಿಯಿತು.

"ಹೌದು, ಗಾಳಿ ಇತ್ತು" ಎಂದ. "ಯಾರ ಕೇಳಿದ್ರೂ ಹಂಗ ಹೇಳು." ಆಮೇಲೆ ಕೈಯಿಂದ ತನ್ನ ಹೊಟ್ಟೆಯನ್ನು ತೋರಿಸಿದ. "ಅಂಗಿ ತಗೋ. ಹಸೀದು ಮೈಮ್ಯಾಲ ಆರಬಾರದು."

ಕಂಬಳಿಯೊಳಗೆ ಕೈ ಹಾಕಿ ಅಂಗಿ ತೆಗೆದೆ. ಅದು ಬೆಚ್ಚಗಿತ್ತು. ತೊಟ್ಟುಕೊಂಡೆ, ಆತ ನೋಡುತ್ತಿದ್ದ, ತೊಡದೆ ಇರಲಾಗಲಿಲ್ಲ. ದವಾಖಾನೆ ಮುಟ್ಟುವ ಮೊದಲೇ ಮಾಮಾ ಹೋಗಿಬಿಟ್ಟ.

ಸಂಜೆ ಮಣ್ಣು ಮಾಡಿದರು. ಶೆಡ್ಡಿನಿಂದಲೇ ಒಂದು ತುಂಡು ಬಿಳಿ ಬಟ್ಟೆ ಬಂತು. ಯಾರೋ ಮೂಗಿಗೆ ಹತ್ತಿ ಇಟ್ಟರು. ನಾನು ಅತ್ತ ನೋಡಲಿಲ್ಲ. ಪೊಲೀಸರು ಬಂದು ನನ್ನ ಜಬಾಬು ಬರೆದುಕೊಂಡರು: ಗಾಳಿ ಇದ್ದ ಕಾರಣ ಗಂಟೆ ಕೇಳಿಸಲಿಲ್ಲ. ಕೆಳಗೆ ನನ್ನ ಸಹಿ. ಪೊಲೀಸ್ ಕಾಗದದ ಮೇಲೆ ನಾನು ಮಾಡಿದ ಮೊದಲ ಸಹಿ ಅದು. ಮಾಮಾನ ಟಾವೆಲ್ಲು, ಕಂಬಳಿ ಬನಿಯನ್, ಗಂಟೆ ಎಲ್ಲವನ್ನೂ ಗಂಟು ಕಟ್ಟಿ ಮಾಳವ್ವನಿಗೆ ಕೊಟ್ಟೆ. "ಗಂಟಿ ಕೇಳಲಿಲ್ಲಂತಲ್ಲೋ?" ಎಂದಳು. ಆಕೆಗೂ ಅದನ್ನೇ ಹೇಳಿದೆ. ಆಕೆ ಗಂಟು ಎತ್ತಿಕೊಂಡು ಒಳಗೆ ಹೋದಳು.

ಭರ್ತಿಯಲ್ಲಿ ಪಾಸಾದೆ. ಆ ದಿನ ಕೊಲ್ಲಾಪುರದಲ್ಲಿ ಎಲ್ಲರೂ ಬೆಚ್ಚಗೆ ಹೊದ್ದು ನಿಂತಿದ್ದಾಗ ನಾನೊಬ್ಬ ನಡುಗುತ್ತಾ ನಿಂತಿದ್ದೆ. ಓಡಿ ಮುಗಿಸಿದಾಗ ಮೈಯಿಂದ ಹೊಗೆ ಏಳುತ್ತಿತ್ತು. ಮುಂದೆ ಮೂವತ್ತು ಮೂರು ವರ್ಷ ಖಾಕಿ ತೊಟ್ಟೆ. ಎಷ್ಟೋ ಜನರ ಜಬಾಬು ಬರೆದುಕೊಂಡೆ. ಯಾರಾದರೂ ಕಣ್ಣು ತಪ್ಪಿಸಿ ಗಾಳಿ, ಮಳೆ, ಕತ್ತಲೆ ಎಂದು ನೆವ ಹೇಳಿದರೆ ಪೆನ್ನು ತಾನಾಗಿ ನಿಲ್ಲುತ್ತಿತ್ತು. ಆದರೆ ಯಾರನ್ನೂ ಬಯ್ಯಲಿಲ್ಲ.

ನೇಮಕದ ಕಾಗದ ಬಂದ ಮೇಲೆ ಪೇಢೆ ತೆಗೆದುಕೊಂಡು ದತ್ತವಾಡಕ್ಕೆ ಹೋದೆ. ಮಾಳವ್ವ ಶಹಾಪುರ ಬಿಟ್ಟು ಅಲ್ಲಿ ಗಂಡನ ಹಳೆಯ ಮನೆ ಸೇರಿದ್ದಳು. ಪೇಢೆ ತೆಗೆದುಕೊಂಡು ದೇವರ ಮುಂದಿಟ್ಟಳು, ಚಹಾ ಕೊಟ್ಟಳು, ಅಪ್ಪನ ಕೆಮ್ಮು ಹೇಗಿದೆ ಎಂದು ವಿಚಾರಿಸಿದಳು. ನಾನು ಎದ್ದು ನಿಂತಾಗ ಒಳಗೆ ಹೋಗಿ ಗಂಟೆ ತಂದಳು. ಬೂದಿ ಹಚ್ಚಿ ತಿಕ್ಕಿದ್ದಳು, ಫಳಫಳ ಹೊಳೆಯುತ್ತಿತ್ತು.

"ಇದರ ನಾಲಗಿಗೆ ಹತ್ತಿ ಎಳಿ ಸುತಗೊಂಡಿತ್ತು" ಎಂದಳು. "ಸೂಜೀಲೆ ತಗದೇನಿ. ಒಯ್ಯಿ, ನಿಂದ ಐತಿ. ಇನ್ನ ಗಾಳಿ ಇದ್ರೂ ಕೇಳತೈತಿ."

ಕೈ ಚಾಚಿ ತೆಗೆದುಕೊಂಡೆ. ಬಸ್ ಸ್ಟ್ಯಾಂಡಿನವರೆಗೂ ಅದು ಹೆಜ್ಜೆ ಹೆಜ್ಜೆಗೆ ಬಾರಿಸುತ್ತಲೇ ಇತ್ತು. ಜನ ತಿರುಗಿ ತಿರುಗಿ ನೋಡಿದರು. ಬೆರಳು ಹಾಕಿ ಅದರ ಬಾಯಿ ಮುಚ್ಚಲು ನನಗೆ ಧೈರ್ಯವಾಗಲಿಲ್ಲ.